ಎಫ್ ಡ್ರೈವ್‌ನಲ್ಲಿ ಸಿಂದಗಿ

ನಿಂಬೆಹಣ್ಣಿನ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಮೈ ಉರಿಯುತ್ತದೆ. ಹೋದ ವಾರ ಇಂಡಿಗೆ ಹೋಗಿದ್ದೆ. ಬಜಾರದ ಕಡೆ ಚೀಲಗಟ್ಟಲೆ ನಿಂಬೆಹಣ್ಣು ಲಾರಿಗೆ ಏರುತ್ತಿತ್ತು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಗಂಟಿಕ್ಕಿರಬೇಕು. ಜೊತೆಗಿದ್ದ ತಂಗಿ, "ಯಾಕ ಅಕ್ಕಾ, ಮಾರಿ ಹಂಗ ಮಾಡ್ಕೊಂಡಿ?" ಎಂದಳು.

"ಒಬ್ಬ ಮನುಷ್ಯಾನ ನೆನಪಾತು," ಎಂದೆ.

ಹುಚ್ಚಿ, ಬೇರೇನೋ ಅಂದುಕೊಂಡು ಹಲ್ಲು ಕಿಸಿದಳು. ಅಂಥದ್ದೇನೂ ಇಲ್ಲ ತಾಯಿ. ಆ ಮನುಷ್ಯ ಎದುರಿಗೆ ಸಿಕ್ಕರೆ ಇವತ್ತಿಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ನಾನು ಬಸವನ ಬಾಗೇವಾಡಿಯಲ್ಲಿ ಕೆಲಸಕ್ಕಿದ್ದೆ. ನನ್ನೂರು ಮುದ್ದೇಬಿಹಾಳ, ಓದಿದ್ದು ಕಂಪ್ಯೂಟರ್ ಡಿಪ್ಲೊಮಾ. ಒಂದು ಸೇವಾ ಸಂಸ್ಥೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು ತಪಾಸಣೆ ನಡೆಸುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯನ್ನು ಸದ್ದಿಲ್ಲದೆ ತಿನ್ನುತ್ತದೆ. ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿಸಿದರೆ ಕಣ್ಣು ಉಳಿಯುತ್ತದೆ, ತಡವಾದರೆ ಹೋದದ್ದು ಹೋದದ್ದೇ. ನಮ್ಮವರು ಹಳ್ಳಿಗಳಿಗೆ ಕ್ಯಾಮೆರಾ ಒಯ್ದು ಕಣ್ಣಿನೊಳಗಿನ ಫೋಟೋ ತೆಗೆಯುತ್ತಿದ್ದರು. ವಿಜಯಪುರದಲ್ಲಿ ಕುಳಿತ ಡಾಕ್ಟರ್ ಆ ಫೋಟೋಗಳನ್ನು ನೋಡಿ ಯಾರಿಗೆ ಏನು ಮಾಡಬೇಕೆಂದು ಬರೆಯುತ್ತಿದ್ದರು. ಅವರು ಬರೆದದ್ದನ್ನು ಫೋನ್ ಮಾಡಿ ಜನರಿಗೆ ಹೇಳುವುದು ನನ್ನ ಕೆಲಸ.

ಕ್ಯಾಂಪ್ ನಡೆಯುವ ಹಳ್ಳಿಗಳಲ್ಲಿ ನೆಟ್‌ವರ್ಕ್ ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋಟೋಗಳೋ ಭಾರ. ಅದಕ್ಕೇ ಅವನ್ನು ಪೆನ್‌ಡ್ರೈವ್‌ಗೆ ತುಂಬಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬಾಗೇವಾಡಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮ ಕಡೆ ಇದೇನು ಹೊಸದಲ್ಲ. ಔಷಧಿ, ಟ್ರ್ಯಾಕ್ಟರಿನ ಬಿಡಿಭಾಗ, ಹಾಸ್ಟೆಲ್ ಮಕ್ಕಳ ಬುತ್ತಿ, ಮದುವೆಯ ಲಗ್ನಪತ್ರಿಕೆ ಎಲ್ಲವೂ ಹೀಗೇ ಊರಿಂದ ಊರಿಗೆ ಹೋಗುತ್ತವೆ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ನಮ್ಮ ರಾಜೇಸಾಬ್ ಕಾಕಾ ಕಾದು ನಿಂತು ಇಸಿದುಕೊಂಡು ಬರುತ್ತಿದ್ದರು. ಬಾಗೇವಾಡಿಯ ಕ್ಯಾಮೆರಾ ಅವರದೇ ಸುಪರ್ದಿಯಲ್ಲಿತ್ತು, ಮೇಲೆ ಈ ತಿರುಗಾಟ ಬೇರೆ. ಇಂಡಿಯ ಬಸ್ಸಿನಲ್ಲಿ ನಿಂಬೆ ಚೀಲಗಳೇ ಹೆಚ್ಚು. ಕಂಡಕ್ಟರ್ ಪೆನ್‌ಡ್ರೈವನ್ನು ಅದರ ನಡುವೆ ಎಲ್ಲಿ ತುರುಕುತ್ತಿದ್ದನೋ, ಬಿಚ್ಚಿದರೆ ಇಡೀ ಕೋಣೆ ಉಪ್ಪಿನಕಾಯಿ ಭರಣಿಯಾಗುತ್ತಿತ್ತು.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಕ್ಯಾಮೆರಾಕ್ಕೆ ಮನುಷ್ಯರ ಹೆಸರು ಗೊತ್ತಿಲ್ಲ. ಅದು ಫೋಟೋಕ್ಕೆ ಸಂಖ್ಯೆ ಕೊಡುತ್ತದೆ: ಇಪ್ಪತ್ಮೂರು ಬಲ, ಇಪ್ಪತ್ಮೂರು ಎಡ. ಯಾವ ಸಂಖ್ಯೆ ಯಾರದೆಂಬುದು ಆ ಕ್ಯಾಂಪಿನ ಪಟ್ಟಿಯಲ್ಲಿರುತ್ತದೆ. ಪ್ರತಿ ತಾಲ್ಲೂಕಿನಲ್ಲೂ ದಿನಾ ಒಂದರಿಂದ ಎಣಿಕೆ ಶುರು. ಹಾಗಾಗಿ ಇಂಡಿಯಲ್ಲೂ ಒಬ್ಬ ಇಪ್ಪತ್ಮೂರು ಇರುತ್ತಾನೆ, ಸಿಂದಗಿಯಲ್ಲೂ ಒಬ್ಬಳು ಇಪ್ಪತ್ಮೂರು ಇರುತ್ತಾಳೆ. ಯಾರ ಕಣ್ಣು ಯಾವುದು ಎಂದು ಹೇಳುವುದು ಆ ಫೋಟೋ ಕೂತಿರುವ ಜಾಗ ಮಾತ್ರ. ತಾಲ್ಲೂಕಿನ ಫೋಲ್ಡರ್, ಅದರೊಳಗೆ ತಾರೀಖಿನ ಫೋಲ್ಡರ್, ಅದರೊಳಗೆ ಸಂಖ್ಯೆ. ಈ ಇಡೀ ಸಾಲನ್ನು ಕಂಪ್ಯೂಟರಿನವರು ಪಾತ್ ಎನ್ನುತ್ತಾರೆ. ಕಾಗದಕ್ಕೆ ವಿಳಾಸ ಇದ್ದ ಹಾಗೆ. ಅದು ತಪ್ಪಿತೋ, ಕಣ್ಣು ಬೇರೆಯವರ ಪಾಲು.

ಫೋಟೋಗಳನ್ನು ಪೆನ್‌ಡ್ರೈವ್‌ನಿಂದ ತೆಗೆದು ಅವವುಗಳ ಫೋಲ್ಡರಿಗೆ ಹಾಕುವ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಬರೆದವರು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ವಿನಾಯಕ ಸರ್. ಹುಬ್ಬಳ್ಳಿಯವರು. 'ಸರ್' ಅನ್ನಲು ನನಗೀಗ ಮನಸ್ಸಿಲ್ಲ, ಆದರೆ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಅವರ ಕೋಣೆಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇತ್ತು, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಕಾಕಾ ಪೆನ್‌ಡ್ರೈವ್ ತಂದು ಮೇಜಿನ ಮೇಲಿಡಬೇಕು, ಬಂದದ್ದನ್ನು ಬಂದ ಹಾಗೆ ಸರ್ ತಮ್ಮ ಅಮೃತ ಹಸ್ತದಿಂದ ಚುಚ್ಚಬೇಕು, ಮೂರೂ ಊರಿನವು ಬಂದ ಮೇಲೆ ಸ್ಕ್ರಿಪ್ಟ್ ಓಡಿಸಬೇಕು. ಸೇರಿದ ಹೊಸದರಲ್ಲಿ, "ಸರ್, ಸ್ಕ್ರಿಪ್ಟ್ ಒಮ್ಮೆ ನಾನೂ ನೋಡ್ಲೇನ್ರಿ?" ಎಂದು ಕೇಳಿದ್ದೆ.

"ನೀ ಫೋನ್ ಮಾಡು. ಅದು ರನ್ ಆಗಾಕತ್ತೈತಿಲ್ಲ? ಮುಗೀತು," ಎಂದರು.

ರನ್ ಆಗಾಕತ್ತೈತಿ. ಈ ಮಾತನ್ನು ಆ ಮನುಷ್ಯನ ಬಾಯಿಂದ ಎಷ್ಟು ಸಲ ಕೇಳಿದೆನೋ ದೇವರೇ ಬಲ್ಲ. ಎಲ್ಲಿಗೆ ಓಡುತ್ತಿದೆ ಎಂದು ಕೇಳುವವರು ಯಾರೂ ಇರಲಿಲ್ಲ.

ಆ ಸಲ ಮಳೆ ಜೋರಾಗಿ ಹಿಡಿಯಿತು. ನಮ್ಮ ಎರೆ ಭೂಮಿಯ ಮಳೆ ನೋಡಿದವರಿಗೇ ಗೊತ್ತು. ನೆನೆದ ಮಣ್ಣು ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೈಕಿನ ಗಾಲಿ ಹಿಡಿಯುತ್ತದೆ, ಎತ್ತಿನ ಕಾಲನ್ನೂ ಬಿಡುವುದಿಲ್ಲ. ಡೋಣಿ ತುಂಬಿ ಹರಿಯಿತು. ಬೇಸಿಗೆಯಲ್ಲಿ ಮೇಕೆ ಕೂಡ ಲೆಕ್ಕಕ್ಕಿಡದ ಆ ನದಿ ಮಳೆಗಾಲದಲ್ಲಿ ಹೊಲಗಳನ್ನೆಲ್ಲ ನುಂಗಿ ರಸ್ತೆಯ ಮೇಲೆ ಬಂದು ಮಲಗುತ್ತದೆ. ಬಾಗೇವಾಡಿಗೂ ಸಿಂದಗಿಗೂ ನಡುವಿನ ದಾರಿ ಒಂದು ದಿನ ತೆರೆದರೆ ಎರಡು ದಿನ ಬಂದ್. ಕಾಕಾ ತಲೆಗೆ ಗೊಬ್ಬರದ ಖಾಲಿ ಚೀಲ ಹೊದ್ದು ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಸಿಂದಗಿ ಬಸ್ಸು ವಿಜಯಪುರದ ಮೇಲೆ ಸುತ್ತು ಹೊಡೆದು ಹೊತ್ತು ಮುಳುಗುವ ವೇಳೆಗೆ ಬರುತ್ತಿತ್ತು. ಕಾಕಾ ಬೈದುಕೊಳ್ಳುತ್ತಾ ಎರಡೆರಡು ಸಲ ಸ್ಟ್ಯಾಂಡಿಗೆ ತಿರುಗುತ್ತಿದ್ದರು.

ಅಂಥದೇ ಒಂದು ದಿನ ನಾನು ಸಿಂದಗಿ ತಾಲ್ಲೂಕಿನ ದೇವಣಗಾಂವದ ಸಿದ್ದವ್ವನಿಗೆ ಫೋನ್ ಮಾಡಿದೆ. ಐವತ್ತು ದಾಟಿದ ಹೆಂಗಸು. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ತನ್ನ ಹೊಟ್ಟೆ ತಾನು ಹೊರೆದುಕೊಳ್ಳುವವಳು. ಆಕೆಯ ಸಂಖ್ಯೆ ಇಪ್ಪತ್ಮೂರು. ಡಾಕ್ಟರ್ ಬರೆದದ್ದು ನನ್ನ ಮುಂದಿತ್ತು: ಎರಡೂ ಕಣ್ಣು ಚೆನ್ನಾಗಿವೆ, ಒಂದು ವರ್ಷ ಬಿಟ್ಟು ನೋಡಿದರೆ ಸಾಕು.

"ಅವ್ವಾರ, ನಿಮ್ಮ ಕಣ್ಣಿಗೆ ಏನೂ ಆಗಿಲ್ರಿ. ಆರಾಮ ಇರ್ರಿ," ಎಂದೆ.

"ಖರೇನ ಏನೂ ಇಲ್ಲೇನವ್ವಾ?" ಎಂದಳು. "ಏನೂ ಇಲ್ಲಂದ್ರ ಬಲಗಣ್ಣಾಗ ಇದೇನು, ಜೇಡರಬಲಿ ಹಂಗ ತೇಲಾಡತೈತಲ್ಲ? ಮೊನ್ನೆ ಹೆಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಹೆಂಚಿಗೇ ಕೈ ಹಚ್ಚಿದ್ನಿ."

"ಡಾಕ್ಟರ್ ಹಂಗ ಬರದಾರ್ರಿ ಅವ್ವಾ."

"ಡಾಕ್ಟರ್ ಬರದಾರಂದ್ರ ಸರಿನ ಇರಬೇಕ ಬಿಡು. ನನಗ ಒಂದ ಹೆದರಿಕಿ ನೋಡವ್ವಾ. ಕಣ್ಣ ಹೋದ್ರ ಸೊಸಿ ಮುಂದ ತಾಟ ಹಿಡದು ಕುಂದ್ರಬೇಕಾಕ್ಕೈತಿ. ಅದೊಂದ ಆಗಬಾರದು."

ಫೋನ್ ಇಟ್ಟೆ, ಮನಸ್ಸಿಗೆ ಸಮಾಧಾನವಾಗಲಿಲ್ಲ. ಎದ್ದು ವಿನಾಯಕ ಸರ್ ಕೋಣೆಗೆ ಹೋದೆ. ಆಕೆಗೆ ತೊಂದರೆ ಇದೆಯಂತೆ, ಆ ಫೋಟೋ ಇನ್ನೊಮ್ಮೆ ಡಾಕ್ಟರಿಗೆ ತೋರಿಸೋಣ ಎಂದೆ. ಅವರು ಕಂಪ್ಯೂಟರಿನಿಂದ ಮುಖ ಕೂಡ ತಿರುಗಿಸಲಿಲ್ಲ. "ಡಾಕ್ಟರಕಿಂತ ನಿನಗ ಜಾಸ್ತಿ ಗೊತ್ತೈತೇನು ರೇಣುಕಾ? ಹಳ್ಳಿ ಮಂದಿ ನೂರಾ ಎಂಟು ಹೇಳ್ತಾರ. ಚಷ್ಮಾ ಬೇಕಾಗಿರಬೇಕು ಅಕಿಗೆ," ಎಂದರು. ಅವರ ಬೆನ್ನನ್ನೇ ನೋಡುತ್ತಾ ನಾನು ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಒಂದು ವಾರವೂ ಕಳೆದಿರಲಿಲ್ಲ, ಇಂಡಿ ತಾಲ್ಲೂಕಿನ ಹೊರ್ತಿಯಿಂದ ಭೀಮರಾಯ ಎಂಬಾತ ಆಫೀಸಿಗೇ ಬಂದು ನಿಂತ. ಟಂಟಂ ಆಟೋ ಓಡಿಸುವ ಮನುಷ್ಯ, ದನಿ ಹಾರ್ನಿನಷ್ಟೇ ಜೋರು. ಅವನೂ ಆ ದಿನದ ಇಪ್ಪತ್ಮೂರೇ. ಬಲಗಣ್ಣಿನೊಳಗೆ ರಕ್ತ ಸೋರುತ್ತಿದೆ, ತಕ್ಷಣ ವಿಜಯಪುರಕ್ಕೆ ಹೋಗು ಎಂದು ನಾನೇ ಅವನಿಗೆ ಫೋನ್ ಮಾಡಿದ್ದೆ.

"ಯಾರರೀ ರೇಣುಕಾ ಅನ್ನಾಕಿ?" ಎಂದ ಬಾಗಿಲಲ್ಲೇ.

"ನಾನ ಹೇಳ್ರಿ."

"ನನ್ನ ಕಣ್ಣಾಗ ರಕ್ತ ಐತಿ ಅಂದಿದ್ರೆಲ್ಲಾ, ಎಲ್ಲೈತಿ ತೋರಸ್ರಿ! ಎರಡ ರಾತ್ರಿ ನನ್ನ ಹೆಂಡ್ತಿ ಅತ್ತಾಳ. ವಿಜಾಪುರಕ್ಕ ಹ್ವಾದ್ರ ಅಲ್ಲಿ ದವಾಖಾನಿ ಸಣ್ಣ ಡಾಕ್ಟರ್ ಔಷಧ ಬಿಟ್ಟು, ಲೈಟ್ ಹಾಕಿ ನೋಡಿ, ನಿನ್ನ ಕಣ್ಣು ಎಳೇ ಹುಡುಗನ ಕಣ್ಣ ಆಗ್ಯಾವು, ಯಾಂವ ಕಳಿಸಿದಾಂವ ನಿನ್ನ ಅಂತ ಬೈದ. ಮಂದಿ ಜೀವದ ಜೋಡಿ ಚೇಷ್ಟಾ ಮಾಡತೀರೇನ್ರಿ?"

ಅವನ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಇವನಿಗಿಲ್ಲದ ರಕ್ತ ಮತ್ಯಾರಿಗಿದೆ? ಅವನನ್ನು ಕೂರಿಸಿ ಚಹಾ ಕೊಡಿಸಿ ಸರ್ ಹತ್ತಿರ ಓಡಿದೆ. "ಫೋಟೋ ಅದಲು ಬದಲು ಆಗ್ಯಾವೇನೋ ನೋಡ್ರಿ ಸರ್," ಎಂದೆ. "ಡಾಕ್ಟರದ ತಪ್ಪು. ದಿನಾ ಅಷ್ಟು ಫೋಟೋ ನೋಡ್ತಾರ, ಒಂದು ತಪ್ಪತೈತಿ," ಎಂದು ಸರ್ ಕೈ ತೊಳೆದುಕೊಂಡರು. ಆಮೇಲೆ ಭೀಮರಾಯನನ್ನು ಒಳಗೆ ಕರೆದು, ಬೆನ್ನು ತಟ್ಟಿ, ಕಣ್ಣು ಚಲೋ ಇದ್ದಾವಲ್ಲ, ಸಂತೋಷ ಪಡು ಎಂದು ಸಾಗಹಾಕಿದರು. ನನಗೆ ಮಾತ್ರ, "ಸ್ಕ್ರಿಪ್ಟ್ ಸುದ್ದಿಗೆ ಬರಬ್ಯಾಡ," ಎಂದು ಬೆರಳು ತೋರಿಸಿದರು. ಥೂ, ಆ ಬೆರಳು.

ಮುಂದಿನ ವಾರ ಸರ್ ಹುಬ್ಬಳ್ಳಿಗೆ ಹೋದರು. ಅವರಿಲ್ಲದಾಗಲೇ ಒಂದು ಮಧ್ಯಾಹ್ನ ಸಿಡಿಲು ಬಡಿದು ಅವರ ಕೋಣೆಯ ಕಂಪ್ಯೂಟರ್ ಸುಟ್ಟು ಕರಕಲು ವಾಸನೆ ಬಂತು. ನಿಜ ಹೇಳುತ್ತೇನೆ, ಆ ಸಿಡಿಲಿಗೆ ನಾನು ಕೈ ಮುಗಿಯಬೇಕು. ಫೋನ್ ಮಾಡಿ ಹೇಳಿದರೆ ಅವರು ಬೇರೆ ದಾರಿಯಿಲ್ಲದೆ ಸ್ಕ್ರಿಪ್ಟನ್ನು ನನಗೆ ಕಳಿಸಿದರು. "ನಿನ್ನ ಲ್ಯಾಪ್‌ಟಾಪಿನ್ಯಾಗ ಹಾಕಿ ಓಡಸು. ಏನೂ ತಿದ್ದಬ್ಯಾಡ."

"ನಂದು ಲಿನಕ್ಸ್ ಐತ್ರಿ ಸರ್."

"ಯಾವುದಿದ್ರೇನು, ಎಲ್ಲಾ ಕಂಪ್ಯೂಟರ್ ಒಂದ."

ಎಲ್ಲಾ ಕಂಪ್ಯೂಟರ್ ಒಂದಂತೆ! ನನ್ನದು ಕಾಲೇಜಿನ ಕಾಲದ್ದು, ಸೆಕೆಂಡ್ ಹ್ಯಾಂಡ್. ಹೊಸ ವಿಂಡೋಸ್ ಅದರಲ್ಲಿ ಏದುಸಿರು ಬಿಡುತ್ತಿತ್ತು, ಅದಕ್ಕೇ ಅದನ್ನು ತೆಗೆದು ಹಗುರಾದ ಲಿನಕ್ಸ್ ಹಾಕಿಕೊಂಡಿದ್ದೆ. ಮೂರೂ ಊರಿನ ಪೆನ್‌ಡ್ರೈವ್ ಚುಚ್ಚಿ ಸ್ಕ್ರಿಪ್ಟ್ ಓಡಿಸಿದೆ. ಮೊದಲ ಸಾಲಿಗೇ ಮುಗ್ಗರಿಸಿತು. ಇ ಡ್ರೈವ್ ಎಲ್ಲಿ, ಎಫ್ ಎಲ್ಲಿ, ಜಿ ಎಲ್ಲಿ ಎಂದು ಅದರ ಹುಡುಕಾಟ. ವಿಂಡೋಸ್ ಮಾತ್ರ ಡ್ರೈವುಗಳಿಗೆ ಹೀಗೆ ಅಕ್ಷರ ಹಚ್ಚುತ್ತದೆ, ಲಿನಕ್ಸಿನಲ್ಲಿ ಆ ಪದ್ಧತಿಯೇ ಇಲ್ಲ. ಯಾವುದು ಯಾವ ಊರಿನದೆಂದು ನೋಡದೆ ಆ ಅಕ್ಷರಗಳಿದ್ದ ಕಡೆ ನನ್ನ ಡ್ರೈವ್‌ಗಳ ಜಾಗ ಬರೆದು ಮತ್ತೆ ಓಡಿಸಿದೆ. ಈ ಸಲ ಯಾವ ತಕರಾರೂ ಇಲ್ಲದೆ ಮುಗಿಯಿತು. ತೆಗೆದು ನೋಡಿದರೆ ಒಂದೇ ಒಂದು ಫೋಲ್ಡರ್ ಆಗಿಲ್ಲ, ಫೋಟೋಗಳೆಲ್ಲ ಒಂದೇ ಕಡೆ ರಾಶಿ ಬಿದ್ದಿವೆ.

ಕಾರಣ ಇಷ್ಟೇ. ವಿಂಡೋಸಿನಲ್ಲಿ ಒಂದು ಫೋಲ್ಡರಿನಿಂದ ಅದರೊಳಗಿನ ಫೋಲ್ಡರಿಗೆ ಹೋಗಲು ನಡುವೆ ಎಡಕ್ಕೆ ವಾಲಿದ ಗೀಟು ಹಾಕುತ್ತಾರೆ. ಲಿನಕ್ಸಿಗೆ ಬಲಕ್ಕೆ ವಾಲಿದ ಗೀಟು ಬೇಕು. ಎಡಕ್ಕೆ ವಾಲಿದ್ದು ಅದರ ಲೆಕ್ಕದಲ್ಲಿ ಹೆಸರಿನ ಇನ್ನೊಂದು ಅಕ್ಷರ ಅಷ್ಟೇ. ಸರ್ ಸ್ಕ್ರಿಪ್ಟಿನ ತುಂಬ ಎಡಕ್ಕೆ ವಾಲಿದ ಗೀಟುಗಳನ್ನೇ ಕೈಯಾರೆ ಹೊಡೆದಿದ್ದರು. ತಾಲ್ಲೂಕು, ತಾರೀಖು, ಸಂಖ್ಯೆ ಎಲ್ಲಾ ಅಂಟಿಕೊಂಡು ಒಂದೊಂದು ಫೋಟೋಕ್ಕೆ ಮಾರುದ್ದದ ಹೆಸರಾಗಿತ್ತು. ಗೀಟನ್ನು ಕೈಯಾರೆ ಬರೆಯಲೇಬಾರದು ಎಂಬುದು ಮೊದಲ ವರ್ಷದ ಡಿಪ್ಲೊಮಾ ಹುಡುಗಿಗೂ ಗೊತ್ತಿರುತ್ತದೆ. ತಾಲ್ಲೂಕು, ತಾರೀಖು, ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕೊಟ್ಟರೆ ಸಾಕು, ಯಾವ ಯಂತ್ರದಲ್ಲಿ ಓಡುತ್ತಿದೆಯೋ ಅದಕ್ಕೆ ತಕ್ಕ ಗೀಟು ಹಾಕಿ ಜೋಡಿಸುವ ಸೌಲಭ್ಯ ಆ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದೆ. ಪುಕ್ಕಟೆ ಇದೆ! ಬಾಯಿಗೆ ಬಂದಂತೆ ಬೈಯುತ್ತಲೇ ಎಲ್ಲವನ್ನೂ ಹಾಗೆ ತಿದ್ದಿದೆ.

ಇನ್ನು ಉಳಿದದ್ದು ಡ್ರೈವ್‌ಗಳ ಜಾಗ. ಲಿನಕ್ಸಿನಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಅದು ತನ್ನ ಹೆಸರಿನಿಂದಲೇ ಬಂದು ನಿಲ್ಲುತ್ತದೆ. ಪ್ರತಿ ಪೆನ್‌ಡ್ರೈವ್‌ಗೂ ನಾನು ತಾಲ್ಲೂಕಿನ ಹೆಸರಿಟ್ಟಿದ್ದೆ, ಮೇಲೆ ಚೀಟಿ ಅಂಟಿಸಿದ್ದಷ್ಟೇ ಅಲ್ಲ, ಒಳಗೂ. ಆ ಹೆಸರು ನೋಡಿಯೇ ಫೋಟೋ ಎತ್ತಿಕೊಳ್ಳುವಂತೆ ಬರೆಯಲು ಸರ್ ಬರೆದ ಹಳೆಯ ಸಾಲುಗಳನ್ನು ಓದತೊಡಗಿದೆ. ಇ ಅಂದರೆ ಮುದ್ದೇಬಿಹಾಳ. ಎಫ್ ಅಂದರೆ ಸಿಂದಗಿ. ಜಿ ಅಂದರೆ ಇಂಡಿ.

ಅಲ್ಲೇ ನಿಲ್ಲಿಸಿ ಆ ಮೂರು ಸಾಲನ್ನು ಮತ್ತೊಮ್ಮೆ ಓದಿದೆ.

ಆ ಕಂಪ್ಯೂಟರಿನಲ್ಲಿ ಮೊದಲು ಚುಚ್ಚಿದ್ದಕ್ಕೆ ಇ, ಎರಡನೆಯದಕ್ಕೆ ಎಫ್, ಮೂರನೆಯದಕ್ಕೆ ಜಿ ಬರುತ್ತಿತ್ತು. ಎಲ್ಲವೂ ಒಂದೇ ಡಬ್ಬಿಯಿಂದ ತಂದ ಅಗ್ಗದ ಪೆನ್‌ಡ್ರೈವ್‌ಗಳು, ಯಂತ್ರಕ್ಕೆ ಇದು ಹಳೆಯದು, ಇದು ಹೊಸದು ಎಂಬ ಗುರುತೂ ಹತ್ತುತ್ತಿರಲಿಲ್ಲ. ಸ್ಕ್ರಿಪ್ಟ್ ಬರೆದ ಬೇಸಿಗೆಯಲ್ಲಿ ಮುದ್ದೇಬಿಹಾಳದ ಬಸ್ಸು ಮೊದಲು ಬರುತ್ತಿತ್ತು, ಆಮೇಲೆ ಸಿಂದಗಿಯದು, ಕೊನೆಗೆ ಇಂಡಿಯದು. ಈ ಪುಣ್ಯಾತ್ಮರು ಅದನ್ನೇ ನೋಡಿ ಎಫ್ ಎಂ​ದರೆ ಸಿಂದಗಿ ಎಂದು ಬರೆದು ಕೂತಿದ್ದರು. ಬಸ್ಸು ಬರುವ ಸರದಿ ನಂಬಿ ಜನರ ಕಣ್ಣಿಗೆ ವಿಳಾಸ ಬರೆದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

"ಕಾಕಾ, ದೇವಣಗಾಂವ ಕ್ಯಾಂಪಿಂದು ಬಂದ ದಿನ ಯಾವ ಬಸ್ಸು ಮೊದಲ ಬಂದಿತ್ತು?" ಎಂದು ಕೂಗಿದೆ.

ರಾಜೇಸಾಬ್ ಕಾಕಾ ಒದ್ದೆ ಅಂಗಿ ಹಿಂಡುತ್ತಾ ನಿಂತಿದ್ದರು. "ಡೋಣಿ ಬಂದಿತ್ತಲ್ಲವಾ. ಮುದ್ದೇಬಿಹಾಳದ್ದು ಎಂದಿನಂಗ ಮೊದಲ ಬಂತು, ಆಮ್ಯಾಲ ಇಂಡಿದು, ಸಿಂದಗಿದು ಸುತ್ತಹಾಕಿ ಕತ್ತಲಾಗೋ ಹೊತ್ತಿಗೆ ಬಂತು. ಯಾಕ?"

ಆ ದಿನದ ಫೋಟೋಗಳು ಸಿಂದಗಿಯ ಪೆನ್‌ಡ್ರೈವ್‌ನಲ್ಲಿ ಇನ್ನೂ ಅಳಿಸದೆ ಹಾಗೇ ಇದ್ದವು. ಇಪ್ಪತ್ಮೂರು ಬಲ ಎಂಬುದನ್ನು ತೆರೆದೆ. ಕಿತ್ತಳೆ ಬಣ್ಣದ ಪರದೆಯ ತುಂಬ ರಕ್ತದ ಕಲೆ. ಆಮೇಲೆ ಬೇರೆ ಡಿಸ್ಕಿನಲ್ಲಿದ್ದ ಹಳೆಯ ಪ್ರತಿಯಲ್ಲಿ ಸಿಂದಗಿ ಫೋಲ್ಡರಿನ ಇಪ್ಪತ್ಮೂರನ್ನು ತೆರೆದೆ. ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛ. ಅದು ಭೀಮರಾಯನ ಕಣ್ಣು. ರಕ್ತದ ಕಲೆಯ ಕಣ್ಣು ಇಂಡಿ ಫೋಲ್ಡರಿನಲ್ಲಿ ಕೂತಿತ್ತು.

"ಯಾ ಅಲ್ಲಾ," ಎಂದರು ಹಿಂದೆ ಬಂದು ನಿಂತ ಕಾಕಾ. "ಆ ರೊಟ್ಟಿ ಬಡಿಯಾಕಿಗೆ ಏನಿಲ್ಲಂತ ಹೇಳಿದ್ದೆಲ್ಲಾ ನೀ?"

ಹೌದು, ನನ್ನ ಬಾಯಿಂದಲೇ ಹೇಳಿಸಿದ್ದರು. ಆ ಸಿಟ್ಟೇ ನನಗೆ ಇವತ್ತಿಗೂ ಆರಿಲ್ಲ. ಯಾರೋ ಮಾಡಿದ ಹೊಲಸು ಕೆಲಸಕ್ಕೆ ನನ್ನ ದನಿ ಬಳಸಿಕೊಂಡರು.

ಸರ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರ ದನಿ ಬೆಣ್ಣೆಯಾಯಿತು. "ನೋಡು ರೇಣುಕಾ, ನಿನ್ನ ಹೊಸಾ ಸ್ಕ್ರಿಪ್ಟ್ ಚಲೋ ಐತಿ. ಅದನ್ನ ಹಾಕೋಣ. ಇಲ್ಲಿಂದ ಎಲ್ಲಾ ಸರಿ ಆಗತೈತಿ. ಹಳೇದನ್ನ ಕೆದಕಬ್ಯಾಡ."

"ಹಳೇದಂದ್ರ ಮಂದಿ ಕಣ್ಣರೀ ಸರ್!"

"ಮುಂದಿನ ಸುತ್ತಿನ್ಯಾಗ ಹೆಂಗೂ ಎಲ್ಲಾರನ್ನೂ ಮತ್ತ ನೋಡ್ತೀವಲ್ಲ."

"ಮುಂದಿನ ಸುತ್ತು ಮುಂದಿನ ವರ್ಷ ಐತ್ರಿ. ಅಲ್ಲೀತನಕ ಅಕಿ ಕಣ್ಣು ನಿಮ್ಮ ಸಲುವಾಗಿ ಕಾಯತೈತೇನ್ರಿ?"

"ಕೆಲಸ ಬೇಕಾಗೈತೋ ಇಲ್ಲೋ ನಿನಗ?" ಎಂದರು. ಬೆಣ್ಣೆ ಕರಗಿತ್ತು.

"ನಿಮ್ಮ ಕೆಲಸ ನಿಮ್ಮ ಹತ್ತರನ ಇಟ್ಕೋರಿ," ಎಂದು ಫೋನ್ ಕಟ್ ಮಾಡಿದೆ. ಮಳೆ ಹಿಡಿದಾಗಿನಿಂದ ಬಂದ ಎಲ್ಲ ಫೋಟೋಗಳನ್ನೂ ಸರಿಯಾದ ಹೆಸರಿನಲ್ಲಿ ಜೋಡಿಸಿ ಡಾಕ್ಟರಿಗೆ ಕಳಿಸಿ, ನಡೆದದ್ದನ್ನು ಉಪ್ಪು ಖಾರ ಬೆರೆಸದೆ ಬರೆದೆ. ಸಂಸ್ಥೆಯ ಹಿರಿಯರಿಗೂ ಅದನ್ನೇ ಕಳಿಸಿದೆ. ಡಾಕ್ಟರ್ ಆ ದಿನವೇ ಕೆಲವರ ಸಂಖ್ಯೆ ಹೇಳಿ, ಇವರು ನಾಳೆಯೇ ಇಲ್ಲಿರಬೇಕು ಎಂದರು. ಅದರಲ್ಲಿ ಮೊದಲ ಹೆಸರು ದೇವಣಗಾಂವದ್ದು.

ಸಿದ್ದವ್ವನಿಗೆ ಫೋನ್ ಮಾಡಿದರೆ ಎತ್ತಿದ್ದು ಸೊಸೆ. "ನಮ್ಮತ್ತಿಗೆ ಮೂರ ದಿವಸಾತ್ರಿ, ಬಲಗಣ್ಣ ಪೂರಾ ಕತ್ತಲ ಅಂತಾರ. ನೀವ ಏನಿಲ್ಲ ಅಂದಿದ್ರೆಲ್ಲ, ಅದಕ್ಕ ಮನಿ ಮದ್ದ ಹಾಕಾಕತ್ತೇವಿ," ಎಂದಳು. ಮದ್ದು ನಿಲ್ಲಿಸಿ, ಮೊದಲ ಬಸ್ಸಿಗೆ ವಿಜಯಪುರಕ್ಕೆ ಕರೆತನ್ನಿ ಎಂದು ಹೇಳಿ, ನಾನೂ ಕಾಕಾನೂ ಅಲ್ಲಿಗೇ ಹೋದೆವು.

ಸಿದ್ದವ್ವನನ್ನು ನಾನು ನೋಡಿದ್ದು ಅಲ್ಲಿಯೇ ಮೊದಲು. ಗಟ್ಟಿ ಕೈಗಳ ಕುಳ್ಳನೆಯ ಹೆಂಗಸು. ಮುಂಗೈ ಮೇಲೆ ಹೆಂಚು ಸುಟ್ಟ ಹೊಸ ಕಲೆ. ಡಾಕ್ಟರ್ ಬಹಳ ಹೊತ್ತು ನೋಡಿದರು. ಬಲಗಣ್ಣಿನಲ್ಲಿ ರಕ್ತ ತುಂಬಿ ಪರದೆ ಕಿತ್ತುಬಂದಿದೆ, ಇನ್ನು ಅದರಲ್ಲಿ ನೋಟ ಬರುವುದಿಲ್ಲ, ಎಡಗಣ್ಣಿಗೂ ಶುರುವಾಗಿದೆ, ಈಗಲೇ ಲೇಸರ್ ಮಾಡಿದರೆ ಅದೊಂದು ಉಳಿಯುತ್ತದೆ ಎಂದರು. "ಫೋಟೋ ತಗದ ವಾರ ಬಂದಿದ್ರ?" ಎಂದು ನಾನು ಕೇಳಿದೆ. ಡಾಕ್ಟರ್ ನನ್ನನ್ನು ನೋಡಿದರು. "ಬಂದಿದ್ರ ಎರಡೂ ಉಳಸ್ತಿದ್ವಿ," ಎಂದರು. ಕಾಕಾ ಗೋಡೆ ಕಡೆ ತಿರುಗಿ ನಿಂತರು.

ಎಡಗಣ್ಣಿಗೆ ಲೇಸರ್ ಆಯಿತು. ಸಿದ್ದವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕಾಕಾ ಚಹಾ ತಂದರು. ಯಾಕೆ ಹೀಗಾಯಿತೆಂದು ಆಕೆ ಕೇಳಿದಳು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ನಿಮ್ಮ ಕಣ್ಣನ್ನು ಹೊರ್ತಿಯವನ ಲೆಕ್ಕಕ್ಕೆ ಹಾಕಿದರು, ಅವನ ಕಣ್ಣನ್ನು ನಿಮ್ಮ ಲೆಕ್ಕಕ್ಕೆ ಹಾಕಿದರು. ನಾನು ನಿಮಗೆ ಓದಿ ಹೇಳಿದ್ದು ಅವನ ಕಣ್ಣಿನ ಸುದ್ದಿ. ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ವಿನಾಯಕ ಸರ್ ಬಂದರು. ಸಂಸ್ಥೆಯ ಹಿರಿಯರು ಅಟ್ಟಿದ್ದರಿಂದ ಬಂದವರು, ಇಲ್ಲದಿದ್ದರೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಫೋನ್. ನಮ್ಮನ್ನು ನೋಡಿ ಡಾಕ್ಟರ್ ಕೋಣೆಯತ್ತ ಸರಿದುಹೋಗಲು ನೋಡಿದರು. ನಾನು ಎದ್ದು ಅಡ್ಡ ನಿಂತೆ.

"ಅವ್ವಾ, ಇವರ ನೋಡ್ರಿ. ಇವರ ನಮ್ಮ ಸಾಹೇಬ್ರು."

ಸಿದ್ದವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು. ಔಷಧಿ ಹಾಕಿದ್ದ ಎಡಗಣ್ಣನ್ನು ಕಿರಿದು ಮಾಡಿ ಅವರನ್ನು ನೋಡಲು ಪ್ರಯತ್ನಿಸಿದಳು. ಸರ್ ಗಂಟಲು ಸರಿಮಾಡಿಕೊಂಡರು. "ಅದೇನಾಗಿತ್ತಂದ್ರ, ಸಿಸ್ಟಮ್ ಇಶ್ಯೂ. ಪಾತ್ ಮ್ಯಾಪಿಂಗ್ ಸ್ವಲ್ಪ ಮಿಸ್ ಆಗಿತ್ತು. ಈಗ ರಿಸಾಲ್ವ್ ಆಗೈತಿ," ಎಂದರು.

"ಏನಂದ್ರವ್ವಾ?" ಎಂದು ಆಕೆ ನನ್ನನ್ನು ಕೇಳಿದಳು.

"ತಪ್ಪು ನಂದ ಐತಿ ಅಂದ್ರು," ಎಂದೆ.

ಸರ್ ಬಾಯಿ ತೆರೆದರು. ಕಾಕಾ ಚಹಾದ ಲೋಟ ಹಿಡಿದು ಅವರ ಮಗ್ಗುಲಿಗೇ ಬಂದು ನಿಂತು ಅವರನ್ನೇ ನೋಡತೊಡಗಿದರು. ಆಸ್ಪತ್ರೆಯ ಮಂದಿಯೂ ಇತ್ತ ತಿರುಗಿತ್ತು. ಅಲ್ಲ ಎನ್ನುವ ಧೈರ್ಯ ಆ ಮನುಷ್ಯನಿಗೆ ಬರಲಿಲ್ಲ, ಬಾಯಿ ಮುಚ್ಚಿದರು.

"ನಾ ಎಲ್ಲಾ ಹೇಳಿದ್ನೆಲ್ರಿ ಸಾಹೇಬ್ರ," ಎಂದಳು ಸಿದ್ದವ್ವ. "ಕ್ಯಾಂಪಿನ್ಯಾಗ ನನ್ನ ಹೆಸರ ಹೇಳಿದ್ನಿ, ಊರ ಹೇಳಿದ್ನಿ, ತಾಲೂಕ ಹೇಳಿದ್ನಿ. ಇನ್ನೇನ ಹೇಳಬೇಕಾಗಿತ್ತು?"

ಆಕೆ ಸುಟ್ಟ ಕಲೆಯ ಕೈಯನ್ನು ಎಡಗಣ್ಣಿನ ಮೇಲೆ ಅಡ್ಡ ಹಿಡಿದಳು, ಬೆಳಕು ಚುಚ್ಚುತ್ತಿತ್ತೇನೋ.

"ಇದೊಂದ ಉಳದೈತಿ. ಇದಕ್ಕರ ನನ್ನ ಹೆಸರ ಬರದ ಇಡ್ರಿ."

ವಿನಾಯಕ ಸರ್ ಫೋನನ್ನು ಕಿವಿಗೆ ಹಚ್ಚಿಕೊಂಡು, "ಹಲೋ, ಹೇಳ್ರಿ," ಎನ್ನುತ್ತಾ ಮೆಟ್ಟಿಲ ಕಡೆ ನಡೆದರು. ಅದು ರಿಂಗ್ ಆಗಿರಲಿಲ್ಲ.